ಗಾಜಿನ ಹೊರಗಡೆ ಇಬ್ಬನಿ ಕೂತ್ರೆ ಹೆದರಬೇಡ ತಮ್ಮಾ

ನೀನು ಕೇಳಿದ್ದು ಮೂರು. ಊರಿಂದ ಮಿಕ್ಸಿ ತರಿಸ್ಕೊಳ್ಳಲಾ, ಹೀಟರ್ ಬಿಲ್ ಎಷ್ಟು ಬರುತ್ತೆ, ಹೊಸ ಫ್ಲ್ಯಾಟಿನ ಮೂರು ಪದರ ಗಾಜಿನ ಕಿಟಕಿಗೆ ಬೆಳಿಗ್ಗೆ ಹೊರಗಡೆ ನೀರು ಕೂತಿರುತ್ತೆ, ಓನರ್‌ಗೆ ಕಂಪ್ಲೇಂಟ್ ಮಾಡಲಾ. ಮಿಕ್ಸಿ ತರಿಸ್ಕೊ, ಜರ್ಮನಿಯಲ್ಲೂ 230 ವೋಲ್ಟೇ, ಪಿನ್ ಮಾತ್ರ ಬೇರೆ. ಬಿಲ್ಲು ವರ್ಷದ ಲೆಕ್ಕ ಬಂದಾಗ ತಾನೇ ಗೊತ್ತಾಗುತ್ತೆ, ಈಗಲೇ ನಿದ್ದೆ ಕೆಡಿಸ್ಕೋಬೇಡ.

ಕಿಟಕಿ ಬಗ್ಗೆ ಕಂಪ್ಲೇಂಟ್ ಮಾಡಿದ್ರೆ ನಗ್ತಾರೆ. ಶ್ರೀನಿವಾಸಪುರದ ಕಡೆಯವನು ನೀನು. ಅವರೆಕಾಯಿ ಕಾಲದಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿ ಸೀಟು ಬೆಳಿಗ್ಗೆ ತೊಯ್ದಿರುತ್ತೆ, ಹುಣಸೆ ಮರದಡಿ ನಿಲ್ಲಿಸಿದ್ದು ಒಣಗೇ ಇರುತ್ತೆ, ನೋಡಿಲ್ವಾ? ಬಯಲಲ್ಲಿರೋದು ರಾತ್ರಿಯೆಲ್ಲ ಶಾಖ ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತೆ, ಇಬ್ಬನಿ ಅದರ ಮೇಲೇ ಕೂರುತ್ತೆ. ನಿನ್ನ ಹೊರಗಾಜೂ ಹಾಗೇ. ಒಳಗಿನ ಬಿಸಿ ಅಲ್ಲಿವರೆಗೂ ತಲುಪ್ತಿಲ್ಲ, ಅಂದ್ರೆ ಗಾಜು ಒಳ್ಳೇದು. ಹಳೇ ಒಂಟಿ ಗಾಜಾಗಿದ್ರೆ ನೀನು ದುಡ್ಡು ಕೊಟ್ಟ ಬಿಸಿ ಸೋರಿ ಗಾಜು ಬೆಚ್ಚಗಿರ್ತಿತ್ತು. ಗಮನಿಸು, ಗಾಜಿನ ಮಧ್ಯಭಾಗದಲ್ಲಿ ಮಂಜಿದ್ರೂ ಅಂಚು ಎಷ್ಟೋ ಸಲ ತಿಳಿಯಾಗಿರುತ್ತೆ. ಚೌಕಟ್ಟಿನ ಹತ್ತಿರ ಚೂರು ಬಿಸಿ ಸೋರೋದಕ್ಕೆ. ಒಳಗಿಂದಲೂ ಹೊರಗಿಂದಲೂ ಒರೆಸಿದ್ರೂ ಹೋಗದ ಮಂಜು ಗಾಜುಗಳ ನಡುವೆ ಇದ್ರೆ ಸೀಲ್ ಹೋಗಿದೆ, ಆಗ ಹೇಳು ಓನರ್‌ಗೆ. ಇನ್ನೊಂದು, ಗಾಜು ಒಳ್ಳೇದು ಅಂದಮಾತ್ರಕ್ಕೆ ಗೋಡೆನೂ ಒಳ್ಳೇದು ಅನ್ಕೋಬೇಡ.

ಹೆದರಬೇಕಾದ್ದು ಒಳಗಡೆ ಇಳಿಯೋ ನೀರಿಗೆ. ನಾನು 2009ರ ನವೆಂಬರ್‌ನಲ್ಲಿ ಬಂದೆ, ಹಳೇ ಕಟ್ಟಡ. ಮೂರನೇ ಚಳಿಗಾಲಕ್ಕೆ ಅಮ್ಮನ್ನ ಕರೆಸ್ಕೊಂಡೆ. ಊರಲ್ಲಿ ಎದ್ದ ತಕ್ಷಣ ಬಾಗಿಲು ಕಿಟಕಿ ತೆಗೆಯೋ ಕೈ ಅದು. ಇಲ್ಲೂ ಐದೂವರೆಗೆ ಎದ್ದು ಕಿಟಕಿ ಪೂರ್ತಿ ತೆಗೀತಿದ್ಲು. ಬಿಸಿಯೆಲ್ಲ ಹೋಯ್ತು, ಒಂದು ಯೂರೋ ಎಷ್ಟು ಗೊತ್ತಾ ಅಂತ ರೇಗಿ ನಾನೇ ಮುಚ್ಚಿದೆ. "ಮನೆ ಮುಗ್ಗು ವಾಸನೆ ಹೊಡೀತದೆ ಕಣೋ" ಅಂದ್ಲು. ಓದಿದೋನು ನಾನು, ಕೇಳ್ತೀನಾ? ಎರಡು ಹೊತ್ತೂ ಮುದ್ದೆಗೆ ಎಸರು, ಒಗೆದ ಬಟ್ಟೆ ಒಣಗೋದೂ ಹಾಲ್‌ನಲ್ಲೇ. ಗಾಜಿನ ಒಳಗಡೆ ನೀರಿಳಿದು ಕೆಳಗೆ ನಿಲ್ಲೋದು, ಅಮ್ಮ ಹಳೇ ಪಂಚೆ ತುಂಡಲ್ಲಿ ಒರೆಸಿ ಬಕೆಟ್ಟಿಗೆ ಹಿಂಡೋಳು. ಒಂದು ಮಾತೂ ಆಡ್ತಿರಲಿಲ್ಲ. ಫೆಬ್ರವರಿಲಿ ಬೀರು ಸರಿಸಿದ್ರೆ ಹಿಂದಿನ ಗೋಡೆ ಮೂಲೆಗೆ ಕರಿ ಎಳ್ಳು ಎರಚಿದ ಹಾಗೆ ಬೂಷ್ಟು. ಅವಳ ಮಡಿಸಿಟ್ಟ ರೇಷ್ಮೆ ಸೀರೆಗೂ ಹತ್ತಿತ್ತು. ಮನೆ ಬಿಡುವಾಗ ಅಡ್ವಾನ್ಸಲ್ಲಿ ಹಿಡ್ಕೊಂಡ್ರು, ಅದು ಹೋಗ್ಲಿ ಬಿಡು.

ಆಮೇಲೆ ಗೊತ್ತಾಯ್ತು, ಅಮ್ಮ ಮಾಡ್ತಿದ್ದದ್ದಕ್ಕೆ ಇಲ್ಲಿ ಹೆಸರೇ ಇದೆ, ಸ್ಟೋಸ್‌ಲ್ಯೂಫ್ಟೆನ್. ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ. ಹೊರಗಿನ ಚಳಿ ಗಾಳಿಯಲ್ಲಿ ತೇವ ಕಡಿಮೆ, ಒಳಗೆ ಬಂದು ಬೆಚ್ಚಗಾದ್ರೆ ಒಣ ಗಾಳಿ. ಗೋಡೆ ತಣ್ಣಗಾಗೋದ್ರೊಳಗೆ ಮುಚ್ಚಿಬಿಡು. ತೇವ ತೋರಿಸೋ ಮೀಟರ್ ತಗೋ, ಶೇಕಡಾ 60 ದಾಟಿದ್ರೆ ಕಿಟಕಿ ತೆಗಿ. ಬೀರು ಗೋಡೆಗೆ ಒತ್ತಿ ಇಡಬೇಡ, ನಾಲ್ಕು ಬೆರಳು ಬಿಡು.

ಅಮ್ಮ ಮತ್ತೆ ಬರಲಿಲ್ಲ. ಕರೆದಾಗೆಲ್ಲ ಹಸು ನೋಡ್ಕೊಳ್ಳೋರಿಲ್ಲ ಅಂತಾಳೆ. ಹಸು ಮಾರಿ ನಾಲ್ಕು ವರ್ಷ ಆಯ್ತು. ಈಗ ನಂದೂ ಮೂರು ಗಾಜಿನ ಮನೆ. ಹೋದ ಅಕ್ಟೋಬರಲ್ಲಿ ಹೊರಗಡೆ ಇಬ್ಬನಿ ಕೂತಿದ್ದ ಫೋಟೋ ಕಳಿಸಿದೆ. "ಅವರೆಗೆ ಸೊಗಡು ಬರೋವಷ್ಟು ಬಿದ್ದೈತಲ್ಲೋ" ಅಂದ್ಲು.