ಮೂರು ಶೆಲ್ಲಿನ ಬ್ಯಾಟರಿ ತಪ್ಪಲ್ಲ

ಮಾನ್ಯರೇ,

‘ಬ್ಯಾಟರಿ: ಒಂದು ಪದ, ಒಂಬತ್ತು ಅರ್ಥ’ ಎಂಬ ನಿಮ್ಮ ಲೇಖನ ಉಡುಪಿಯಿಂದ ನಮ್ಮ ಮಂಗಳೂರು ಕಚೇರಿಗೆ ಬಂದು ಮೂರು ವಾರವಾಯಿತು. ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ‘ಸ್ಥಳಾಭಾವದಿಂದ’ ಎಂಬ ಸಿದ್ಧ ವಾಕ್ಯ ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ. ನೀವೇ ಗಮನಿಸದೆ ದಾಟಿಹೋದ ಒಂದು ಒಳ್ಳೆಯ ಲೇಖನ ಅದರೊಳಗೆ ಸಿಕ್ಕಿಕೊಂಡಿದೆ.

ವಿದ್ಯುತ್ತಿನ ಬ್ಯಾಟರಿ, ಫಿರಂಗಿಗಳ ಸಾಲು, ಮೈಮೇಲೆ ಕೈಮಾಡುವುದಕ್ಕೆ ಕಾನೂನು ಹೇಳುವ ಬ್ಯಾಟರಿ, ಕೋಳಿಗಳ ಪಂಜರ, ಮನಃಶಾಸ್ತ್ರದ ಪರೀಕ್ಷೆಗಳ ಗುಂಪು, ಬೇಸ್‌ಬಾಲ್ ಆಟದ ಜೋಡಿ ಎಂದು ಒಂದೊಂದಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಆ ಕೆಲಸವನ್ನು ನಿಘಂಟು ನಿಮಗಿಂತ ಕಡಿಮೆ ಜಾಗದಲ್ಲಿ ಮಾಡುತ್ತದೆ. ಇವೆಲ್ಲ ಒಂದೇ ಪದಕ್ಕೆ ಹೇಗೆ ಬಂದು ಅಂಟಿಕೊಂಡವು ಎಂದು ಓದುಗರು ಕೇಳುವಲ್ಲಿ ನೀವು ‘ಇಂಗ್ಲಿಷ್ ವಿಚಿತ್ರ ಭಾಷೆ’ ಎಂದು ಕೈತೊಳೆದುಕೊಂಡಿದ್ದೀರಿ. ವಿಚಿತ್ರವೇನೂ ಇಲ್ಲ. ಹೊಡೆ, ಬಡಿ ಎಂಬ ಅರ್ಥದ ಲ್ಯಾಟಿನ್ ಧಾತುವೊಂದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿದೆ. ಮೊದಲು ಹೊಡೆತ, ಆಮೇಲೆ ಕೋಟೆಗೋಡೆಯನ್ನು ಹೊಡೆಯುವ ಫಿರಂಗಿಗಳ ಸಾಲು, ಅನಂತರ ಒಟ್ಟಾಗಿ ಕೆಲಸ ಮಾಡುವ ಯಾವುದೇ ವಸ್ತುಗಳ ಸಾಲು ಎಂದು ಅರ್ಥ ಬೆಳೆದಿದೆ. ನಮ್ಮ ದೋಸೆಹಿಟ್ಟಿಗೆ ಇಂಗ್ಲಿಷಿನವರು ಹೇಳುವ ‘ಬ್ಯಾಟರ್’ ಕೂಡ ಇದೇ ಮನೆತನದ್ದು, ಏಕೆಂದರೆ ಅದು ಬಡಿದು ಕಲಸಿದ ಹಿಟ್ಟು. ಉಡುಪಿಯಲ್ಲಿ ಕುಳಿತು ಬ್ಯಾಟರಿಯ ಬಗ್ಗೆ ಬರೆಯುವವರು ಇದನ್ನು ಹೇಗೆ ಬಿಟ್ಟಿರೋ ತಿಳಿಯದು.

ಎರಡನೆಯ ಪುಟದಲ್ಲಿ ‘ನಮ್ಮ ಸುಲ್ತಾನ್ ಬತ್ತೇರಿಗೂ ಬ್ಯಾಟರಿಗೂ ಯಾವ ಸಂಬಂಧವೂ ಇಲ್ಲ, ಟಿಪ್ಪುವಿನ ಕಾಲದಲ್ಲಿ ವಿದ್ಯುತ್ತೇ ಇರಲಿಲ್ಲ’ ಎಂದು ತಮಾಷೆ ಮಾಡಿದ್ದೀರಿ. ತಮಾಷೆ ನಿಮ್ಮ ಮೇಲೆಯೇ ತಿರುಗಿದೆ. ಮಂಗಳೂರಿನ ಬೋಳೂರಿನಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಾವಲು ಬುರುಜಿನ ಹೆಸರಿನಲ್ಲಿರುವುದು ಇದೇ ಬ್ಯಾಟರಿ. ಕನ್ನಡದ ನಾಲಗೆಯಲ್ಲಿ ಬತ್ತೇರಿ, ಬತೇರಿ ಎಂದಾಗಿದೆ. ಶತ್ರುಗಳ ಯುದ್ಧನೌಕೆಗಳು ಗುರುಪುರ ನದಿಯೊಳಕ್ಕೆ ನುಗ್ಗದಂತೆ ತಡೆಯುವುದು ಅದರ ಉದ್ದೇಶವಾಗಿತ್ತು. ಮೆಟ್ಟಿಲು ಹತ್ತಿ, ಕಪ್ಪು ಕಲ್ಲಿನ ಗೋಡೆಯ ಫಿರಂಗಿ ಕಿಂಡಿಯೊಂದರಲ್ಲಿ ಕಣ್ಣಿಟ್ಟು ನದಿಯಾಚೆಯ ತಣ್ಣೀರುಬಾವಿಯ ಕಡೆಗೆ ನೋಡಿದರೆ, ಪದದ ಹಳೆಯ ಅರ್ಥ ನಿಘಂಟಿನ ನೆರವಿಲ್ಲದೆ ತಿಳಿಯುತ್ತದೆ. ಕಿಂಡಿಯ ಚೌಕಟ್ಟಿನೊಳಗೆ ಕಾಣುವುದು ನದಿಯೊಂದೇ.

ವಿದ್ಯುತ್ತಿಗೆ ಈ ಹೆಸರು ಬಂದದ್ದೂ ಫಿರಂಗಿಯಿಂದಲೇ. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹನ್ನೊಂದು ಗಾಜಿನ ಹಲಗೆಗಳಿಗೆ ಸೀಸದ ತಗಡು ಹೊದಿಸಿ, ಒಂದಕ್ಕೊಂದು ಜೋಡಿಸಿ, ಆ ಜೋಡಣೆಯನ್ನು ವಿದ್ಯುತ್ ಬ್ಯಾಟರಿ ಎಂದು ಕರೆದರು. ಸಾಲಿನಲ್ಲಿ ನಿಂತ ಫಿರಂಗಿಗಳು ಒಟ್ಟಿಗೆ ಸಿಡಿಯುವಂತೆ ಅವೂ ಒಟ್ಟಿಗೆ ಸಿಡಿಯುತ್ತಿದ್ದವು. ನೀವು ಬ್ಯಾಟರಿಯ ಜನಕನೆಂದು ಹೆಸರಿಸಿದ ಇಟಲಿಯ ವಿಜ್ಞಾನಿ ವೋಲ್ಟಾ ತಮ್ಮ ಸಾಧನವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಸಾಧನ ಅವರದು, ಹೆಸರು ಅದಕ್ಕಿಂತ ಹಳೆಯದು.

ಇನ್ನು ನನಗೆ ನಿಜವಾಗಿ ಬೇಸರ ತಂದ ಸಾಲು. ಯಕ್ಷಗಾನದ ಆಟ ನೋಡಿ ನಡುರಾತ್ರಿ ಗದ್ದೆಯ ಕಟ್ಟಪುಣಿಯ ಮೇಲೆ ಹಿಂದಿರುಗುವಾಗ ನಿಮ್ಮ ಅಜ್ಜ ‘ಮೂರು ಶೆಲ್ಲಿನ ಬ್ಯಾಟರಿ’ ಹಿಡಿಯುತ್ತಿದ್ದರೆಂದು ಬರೆದು, ಟಾರ್ಚನ್ನು ಬ್ಯಾಟರಿ ಎಂದದ್ದು ಹಳ್ಳಿಗರ ಅಜ್ಞಾನ ಎಂದು ನಕ್ಕಿದ್ದೀರಿ. ಒಂದೂವರೆ ವೋಲ್ಟಿನ ಒಂಟಿ ಕಡ್ಡಿಯನ್ನು ನೀವು ಲೇಖನದುದ್ದಕ್ಕೂ ಬ್ಯಾಟರಿ ಎಂದೇ ಕರೆದಿದ್ದೀರಿ. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅದು ಸೆಲ್, ಹಲವು ಸೆಲ್ಲುಗಳು ಕೂಡಿದಾಗ ಬ್ಯಾಟರಿ. ಅಜ್ಜ ಒಂದನ್ನು ಶೆಲ್ ಎಂದರು, ಮೂರು ಕೂಡಿ ನಾಲ್ಕೂವರೆ ವೋಲ್ಟ್ ಕೊಡುವುದನ್ನು ಬ್ಯಾಟರಿ ಎಂದರು. ಕೊಳವೆ, ಗಾಜು, ಬಲ್ಬುಗಳಿಗೂ ಅದೇ ಹೆಸರು ಹಬ್ಬಿದ್ದು ನಿಜ. ಆದರೆ ಫ್ರಾಂಕ್ಲಿನ್ನರ ಬಳಕೆಗೆ ನಿಮಗಿಂತ ಹತ್ತಿರದಲ್ಲಿದ್ದವರು ಅಜ್ಜನೇ. ಈ ಪ್ಯಾರಾ ಲೇಖನದ ಮೊದಲಿಗೆ ಬರಬೇಕು, ನಗು ಹೋಗಬೇಕು.

ಕಾನೂನಿನ ಭಾಗದಲ್ಲಿ ಬ್ಯಾಟರಿಯನ್ನು ನಮ್ಮ ದಂಡ ಸಂಹಿತೆಯ ಅಪರಾಧವೆಂದದ್ದು ತಪ್ಪು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಬ್ಯಾಟರಿ ಎಂಬ ಹೆಸರಿನ ಅಪರಾಧವಿರಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇಲ್ಲ. ಪರಿಹಾರ ಕೇಳುವ ಸಿವಿಲ್ ದಾವೆಗಳ ಕಾನೂನಿನಲ್ಲಿ ಆ ಪದ ಉಳಿದಿದೆ. ಅಲ್ಲಿ ಪೆಟ್ಟೇ ಬೀಳಬೇಕೆಂದಿಲ್ಲ, ಒಪ್ಪಿಗೆಯಿಲ್ಲದೆ ಮೈಮುಟ್ಟಿದರೂ ಸಾಕಾಗಬಹುದು. ಹೊಡೆಯುವ ಭಯ ಹುಟ್ಟಿಸುವುದು ಒಂದು, ನಿಜವಾಗಿ ಮುಟ್ಟುವುದು ಇನ್ನೊಂದು ಎಂಬ ಭೇದವನ್ನು ವಿವರಿಸಲು ನೀವು ಹದಿನಾಲ್ಕು ಸಾಲು ತೆಗೆದುಕೊಂಡಿದ್ದೀರಿ. ‘ಕೈ ಎತ್ತಿದ’, ‘ಕೈ ಮಾಡಿದ’ ಎಂಬ ಎರಡು ಮಾತು ನಮ್ಮ ಮನೆಗಳಲ್ಲಿಯೇ ಇರುವಾಗ ಅಷ್ಟು ದೂರ ಹೋಗಬೇಕಿರಲಿಲ್ಲ. ಬೇಸ್‌ಬಾಲನ್ನು ಕೈಬಿಡಿ. ಕೋಳಿ ಪಂಜರಕ್ಕೆ ಒಂದು ವಾಕ್ಯ ಸಾಕು. ಅದೂ ಸಾಲಾಗಿ ಜೋಡಿಸಿದ್ದರಿಂದಲೇ ಬಂದ ಹೆಸರು.

ಕೊನೆಯ ಪುಟದಲ್ಲಿ ಲಾರಿ ಬ್ಯಾಟರಿ ರಿಪೇರಿ ಮಾಡುವ ನಿಮ್ಮ ಪರಿಚಯದವರು ಆರು ಮುಚ್ಚಳ ತಿರುಗಿಸಿ, ಒಂದೊಂದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಿ, ‘ಇದರಲ್ಲಿ ಒಂದು ಶೆಲ್ ಹೋಗಿದೆ’ ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿದ್ದೀರಿ. ಹನ್ನೆರಡು ವೋಲ್ಟಿನ ಬ್ಯಾಟರಿ ಎಂದರೆ ಎರಡೆರಡು ವೋಲ್ಟಿನ ಆರು ಸೆಲ್ಲುಗಳು. ಒಂದು ಕೆಟ್ಟರೆ ಉಳಿದ ಐದು ಸೇರಿಯೂ ಲಾರಿ ಸ್ಟಾರ್ಟ್ ಆಗುವುದು ಕಷ್ಟ. ಅವರು ಅದನ್ನು ಹೇಗೆ ಪತ್ತೆ ಹಚ್ಚಿದರು, ಯಾವ ಉಪಕರಣ ಅದ್ದಿದರು, ಏನು ನೋಡಿದರು? ಇನ್ನೊಮ್ಮೆ ಆ ಅಂಗಡಿಗೆ ಹೋಗಿ ಅರ್ಧ ದಿನ ಕುಳಿತು ಬನ್ನಿ. ಸಾವಿರ ಪದಗಳೊಳಗೆ ಹೊಸದಾಗಿ ಬರೆದು ಕಳುಹಿಸಿದರೆ ನಾನೇ ಓದುತ್ತೇನೆ.

ಇತಿ,
ಸಂಪಾದಕ