ಪ್ರತಿಕ್ರಿಯೆ: ಲೇಆಫ್ ಹೊತ್ತಲ್ಲಿ ಕೌನ್ಸೆಲಿಂಗ್ ಕ್ಲಿನಿಕ್ ತೆರೆಯಬಹುದಾ?

ಐಟಿಯಲ್ಲಿ ಕೆಲಸ ಹೋಗ್ತಿರೋದ್ರಿಂದ ಕೌನ್ಸೆಲಿಂಗ್‌ಗೆ ಜನ ಜಾಸ್ತಿ ಬರ್ತಾರಾ ಅಂತ ಕೇಳಿದ್ದೀರಿ. ಸಂಕಟ ಜಾಸ್ತಿ ಆಗುತ್ತೆ, ಫೀಸು ಕೊಡೋರು ಜಾಸ್ತಿ ಆಗಲ್ಲ. ಬೆಂಗಳೂರಿನ ಜಯನಗರದಲ್ಲಿ ಕೌನ್ಸೆಲರ್ ಆಗಿ ಕೂತು ನಾನು ನೋಡಿದ್ದು ಇಷ್ಟೇ.

ವಾರ ವಾರ ಬರ್ತಿದ್ದೋರು ಮೊದಲು ಹದಿನೈದು ದಿನಕ್ಕೊಮ್ಮೆ ಅಂತಾರೆ, ಆಮೇಲೆ 'ನಾನೇ ಫೋನ್ ಮಾಡ್ತೀನಿ ಮೇಡಂ'. ಒಬ್ಬರು ಕೆಲಸ ಹೋಗಿ ತಿಂಗಳಾದರೂ ಕೊರಳಲ್ಲಿ ಐಡಿ ಕಾರ್ಡ್ ಹಾಕ್ಕೊಂಡೇ ಬರ್ತಿದ್ರು. ಮನೇಲಿ ಹೇಳಿರಲಿಲ್ಲ.

ಕಂಪನಿ ಕೊಡ್ತಿದ್ದ ಉಚಿತ ಸೆಷನ್, ಗ್ರೂಪ್ ಇನ್ಶೂರೆನ್ಸ್ ಎಲ್ಲಾ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಿ ಅನ್ನುತ್ತೆ ನಿಜ, ಆದರೆ ಪಾಲಿಸಿಯೇ ಇಲ್ಲದವರಿಗೆ ಅದರಿಂದೇನು? ಅವರು ನಿಮ್ಹಾನ್ಸ್ ಹೊರರೋಗಿ ವಿಭಾಗದ ಸಾಲಲ್ಲಿ ನಿಲ್ತಾರೆ, ಇಲ್ಲಾ 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ) ಫೋನ್ ಮಾಡ್ತಾರೆ. ಬಹಳ ಜನ ಎಲ್ಲೂ ಹೋಗಲ್ಲ. ಎದೆ ಉರಿ, ನಿದ್ದೆ ಇಲ್ಲ ಅಂತ ಫ್ಯಾಮಿಲಿ ಡಾಕ್ಟರ್ ಹತ್ರ ಮಾತ್ರೆ ತಗೊಳ್ತಾರೆ.

ತೆರೆಯೋದಾದ್ರೆ ದೊಡ್ಡ ಬಾಡಿಗೆ ಬೇಡ. ಎರಡು ದಿನ ಬೇರೆಯವರ ಕ್ಲಿನಿಕ್ ಹಂಚಿಕೊಳ್ಳಿ, ಫೀಸು ಕೈಲಾದಷ್ಟು ಅಂತ ಕೆಲವು ಸ್ಲಾಟ್ ಇಡಿ. ನನ್ನ ಹತ್ರ ಕೆಲಸ ಹೋದೋರಿಗಿಂತ ಕೆಲಸ ಉಳಿದೋರೇ ಈಗ ಜಾಸ್ತಿ ಬರ್ತಿದ್ದಾರೆ, ಅದೂ ಸಂಜೆ ಏಳರ ಮೇಲೆ.