‘ಕಾಳಿ’ ಪ್ರಕಾಶನ ಏನಾಯಿತು?

ಪ್ರಶ್ನೆ: ಹಳೆ ಪುಸ್ತಕದಂಗಡಿಯಲ್ಲಿ ‘ಕಾಳಿ ಫಾರ್ ವಿಮೆನ್’ ಪ್ರಕಟಿಸಿದ ಪುಸ್ತಕವೊಂದು ಸಿಕ್ಕಿತು. ಈ ಪ್ರಕಾಶನ ಈಗಲೂ ಇದೆಯೇ? ಏನಿದರ ವಿಶೇಷ?

ಉತ್ತರ: ಆ ಹೆಸರಿನಲ್ಲಿ ಈಗಿಲ್ಲ. ಉರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ 1984ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಇದು ಭಾರತದ ಮೊದಲ ಸ್ತ್ರೀವಾದಿ ಪ್ರಕಾಶನ. 2003ರಲ್ಲಿ ಇಬ್ಬರೂ ಬೇರೆಯಾಗಿ, ಬುಟಾಲಿಯಾ ‘ಜುಬಾನ್’, ಮೆನನ್ ‘ವಿಮೆನ್ ಅನ್‌ಲಿಮಿಟೆಡ್’ ಕಟ್ಟಿದರು. ಹಾಗಾಗಿ ಕಾಳಿಯ ಹಳೆಯ ಪುಸ್ತಕದ ಮರುಮುದ್ರಣ ಬೇಕಿದ್ದರೆ ಎರಡೂ ಕಡೆಯ ಪಟ್ಟಿ ನೋಡಿ. ಒಂದರಲ್ಲಿ ಕಾಣಲಿಲ್ಲವೆಂದು ಕೈಬಿಡಬೇಡಿ. ಪ್ರಕಾಶನದ ಹೆಸರಿಗಿಂತ ಲೇಖಕಿ ಅಥವಾ ಸಂಪಾದಕಿಯ ಹೆಸರು ಹಿಡಿದು ಹುಡುಕುವುದೇ ಸುಲಭ.

ವಿಶೇಷವೆಂದರೆ, ನಮ್ಮ ಮಟ್ಟಿಗೆ, ‘ಶರೀರ್ ಕಿ ಜಾನ್‌ಕಾರಿ’ (ದೇಹದ ಬಗೆಗಿನ ಮಾಹಿತಿ) ಎಂಬ ಪುಟ್ಟ ಹಿಂದಿ ಪುಸ್ತಕ. ರಾಜಸ್ಥಾನದ ಹಳ್ಳಿಗಳ 75 ಹೆಂಗಸರು ಸೇರಿ ರೂಪಿಸಿದ್ದು. ಕರಡಿನಲ್ಲಿ ಬೆತ್ತಲೆ ದೇಹದ ಚಿತ್ರಗಳಿದ್ದವು. ಹಳ್ಳಿಯಲ್ಲಿ ಯಾರೂ ಹೀಗೆ ಕಾಣಿಸಿಕೊಳ್ಳುವುದಿಲ್ಲವಲ್ಲ ಎಂಬ ಆಕ್ಷೇಪ ಬಂತು. ಆಗ ಹೆಂಗಸರೇ ಉಪಾಯ ಹುಡುಕಿದರು: ಮೇಲೆ ಬಟ್ಟೆ ತೊಟ್ಟ ಹೆಂಗಸಿನ ಚಿತ್ರ, ಘಾಗ್ರಾದ ಆಕಾರದ ಕಾಗದದ ಮಡಿಕೆ ಎತ್ತಿದರೆ ಒಳಗಿನ ದೇಹರಚನೆ. ಮರ್ಯಾದೆಯೂ ಉಳಿಯಿತು, ಮಾಹಿತಿಯೂ ಮುಟ್ಟಿತು. ಓದುಗರನ್ನೇ ಲೇಖಕಿಯರನ್ನಾಗಿಸಿದ ಇಂಥ ಕೆಲಸ ನಿಜಕ್ಕೂ ಅಪರೂಪ. 2011ರಲ್ಲಿ ಬುಟಾಲಿಯಾ, ಮೆನನ್ ಇಬ್ಬರಿಗೂ ಪದ್ಮಶ್ರೀ ಬಂತು.